ಎಲ್ಲರೂ ಒಂದೇ ಹೊತ್ತಿಗೆ ಬಂದಾಗ

ಸರ್ಕಾರಿ ಜಾಲತಾಣಗಳು ಬೇಕಾದ ದಿನವೇ ಏಕೆ ಕೈಕೊಡುತ್ತವೆ? ಉತ್ತರ ಇರುವುದು ಮೆಮೊರಿಯ ಒಂದು ಸಣ್ಣ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿದರೆ ಬೆಲೆ ತೆರುವವರು ಮೈಸೂರಿನ ಮಂಡಿ ಮೊಹಲ್ಲಾದಂಥ ಕಡೆ ಸರದಿಯಲ್ಲಿ ನಿಂತವರು.

2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ವೇದಿಕೆ, ಜನಸಾಗರ, ಭಾಷಣ ಎಲ್ಲವೂ ಮರುದಿನ ಪತ್ರಿಕೆಗಳ ಮುಖಪುಟದಲ್ಲಿದ್ದವು. ಯೋಜನೆಯ ನಿಜವಾದ ಪರೀಕ್ಷೆ ಮಾತ್ರ ಅದಕ್ಕೂ ಆರು ವಾರ ಮೊದಲೇ ಶುರುವಾಗಿತ್ತು. ಜುಲೈ ಮೂರನೇ ವಾರದಿಂದ ರಾಜ್ಯದ ಗ್ರಾಮ ಒನ್, ಬೆಂಗಳೂರು ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳಲ್ಲಿ ನೋಂದಣಿ ನಡೆಯಿತು. ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳು ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಯಾವುದೋ ಒಂದು ಕೌಂಟರಿನ ಮುಂದೆ ನಿಂತರು. ಅಲ್ಲಿ ಅವರು ಕೇಳಿಸಿಕೊಂಡ ಮಾತು ಕರ್ನಾಟಕಕ್ಕೆಲ್ಲ ಪರಿಚಿತ: ‘ಸರ್ವರ್ ಡೌನ್ ಅಕ್ಕಾ, ನಾಳೆ ಬನ್ನಿ.’

ಮಂಡಿ ಮೊಹಲ್ಲಾದಲ್ಲಿ ಈ ‘ನಾಳೆ ಬನ್ನಿ’ಗೆ ಒಂದು ತೂಕವಿದೆ. ಅಶೋಕ ರಸ್ತೆ, ಅಕ್ಬರ್ ರಸ್ತೆ, ಪುಲಿಕೇಶಿ ರಸ್ತೆಗಳ ನಡುವೆ ಹಬ್ಬಿರುವ ಈ ಹಳೆಯ ವ್ಯಾಪಾರದ ಕೇರಿಯಲ್ಲಿ ದಿನದ ದುಡಿಮೆ ದಿನಕ್ಕೇ. ಅಂಗಡಿಯಲ್ಲಿ ಕೆಲಸಕ್ಕಿರುವವರು, ಹೊಲಿಗೆ ಹಾಕುವವರು, ತಳ್ಳುಗಾಡಿಯವರು ಅರ್ಧ ದಿನ ಬಿಟ್ಟು ಬಂದರೆ ಆ ಅರ್ಧ ದಿನದ ಕೂಲಿ ಹೋಯಿತು. ಸರ್ವರ್ ಬಿದ್ದರೆ ಅದನ್ನು ನೋಡಿಕೊಳ್ಳುವ ಎಂಜಿನಿಯರ್ ಸಂಬಳಕ್ಕೇನೂ ಆಗುವುದಿಲ್ಲ. ಈ ವಿಷಯವನ್ನು ತಂತ್ರಜ್ಞರ ಕೋಣೆಯಿಂದ ಹೊರತಂದು ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕಾದದ್ದು ಈ ಕಾರಣಕ್ಕೆ.

‘ಸರ್ವರ್ ಡೌನ್’ ಎನ್ನುವುದನ್ನು ನಾವು ಮಳೆ ಬಂತು, ಕರೆಂಟ್ ಹೋಯಿತು ಎನ್ನುವ ಹಾಗೆ ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ. ಬಹುಪಾಲು ಸಲ ಅದು ಮುಂಚಿತವಾಗಿ ಎಣಿಸಬಹುದಾದ, ಎಣಿಸದೆ ಬಿಟ್ಟ ಲೆಕ್ಕದ ಫಲ.

ಲೆಕ್ಕ ಇಷ್ಟೇ

ಮಂಡಿ ಎಂದ ಮೇಲೆ ಲಾರಿಗಳ ನೆನಪು ಬಾರದೆ ಇರುವುದಿಲ್ಲ. ಇಕ್ಕಟ್ಟಾದ ಒಂದು ಬೀದಿಯಲ್ಲಿ ಮೂರು ಲಾರಿ ಒಟ್ಟಿಗೆ ಮಾಲು ಇಳಿಸಬಹುದು ಎಂದುಕೊಳ್ಳಿ. ನಾಲ್ಕನೆಯದು ಬೀದಿಯ ಬಾಯಲ್ಲಿ ಕಾದರೆ ಕೆಲಸ ಸಾಗುತ್ತದೆ. ಹತ್ತು ಲಾರಿ ಒಟ್ಟಿಗೆ ಒಳಗೆ ನುಗ್ಗಿದರೆ ಹತ್ತರಲ್ಲಿ ಒಂದೂ ಮಾಲು ಇಳಿಸಲಾರದು; ಇಳಿಸಿ ಮುಗಿಸಿದ್ದು ಕೂಡ ಹೊರಗೆ ಬರಲಾರದು. ಬೀದಿಯ ಅಗಲ ಮೊದಲಿನಷ್ಟೇ ಇದೆ, ಹಮಾಲರೂ ಅಷ್ಟೇ ಮಂದಿ, ಆದರೂ ಆಗುತ್ತಿದ್ದ ಕೆಲಸ ನಿಂತೇಹೋಗುತ್ತದೆ. ಸರ್ವರ್ ಕುಸಿಯುವುದು ಹೀಗೆಯೇ. ಬೀದಿಯ ಅಗಲದ ಜಾಗದಲ್ಲಿ ಇರುವುದು ಮೆಮೊರಿ, ಅಂದರೆ ರ‍್ಯಾಮ್.

ಮೋಡದಲ್ಲಿ, ಅಂದರೆ ಕ್ಲೌಡಿನಲ್ಲಿ, ಬಾಡಿಗೆಗೆ ಪಡೆದ 4 ಜಿಬಿ ಮೆಮೊರಿಯ ಒಂದು ಯಂತ್ರವನ್ನು ತೆಗೆದುಕೊಳ್ಳೋಣ. ಆಪರೇಟಿಂಗ್ ಸಿಸ್ಟಂ, ಲಾಗ್ ಬರೆಯುವ ತಂತ್ರಾಂಶ ಇತ್ಯಾದಿಗೆ 1 ಜಿಬಿ ಬಿಟ್ಟರೆ ಉಳಿಯುವುದು 3 ಜಿಬಿ. ಅರ್ಜಿ ಸ್ವೀಕರಿಸುವ ಪ್ರೋಗ್ರಾಮಿನ ಒಂದೊಂದು ಪ್ರತಿ, ಇದಕ್ಕೆ ವರ್ಕರ್ ಎನ್ನುತ್ತಾರೆ, 150 ಎಂಬಿ ತಿನ್ನುತ್ತದೆ ಎಂದಿಟ್ಟುಕೊಂಡರೆ ಹೆಚ್ಚೆಂದರೆ 20 ವರ್ಕರ್‌ಗಳಿಗೆ ಜಾಗ. ಒಂದು ವರ್ಕರ್ ಒಮ್ಮೆಗೆ ಒಂದೇ ಅರ್ಜಿಯನ್ನು ನೋಡಿಕೊಳ್ಳುತ್ತದೆ. ಒಂದು ಅರ್ಜಿಗೆ 0.4 ಸೆಕೆಂಡ್ ಸಾಕಾದರೆ 20 ವರ್ಕರ್‌ಗಳು ಸೆಕೆಂಡಿಗೆ 50, ನಿಮಿಷಕ್ಕೆ 3000 ಅರ್ಜಿ ಮುಗಿಸುತ್ತವೆ. ಒಂದು ಸಾಧಾರಣ ಯಂತ್ರಕ್ಕೆ ಇದು ಮೆಚ್ಚಬೇಕಾದ ಕೆಲಸ.

ಈಗ ಇನ್ನೊಂದು ಸಂಗತಿ ಸೇರಿಸಿ. ಆ ಅರ್ಜಿ ತಾನಾಗಿಯೇ ಮುಗಿಯುವುದಿಲ್ಲ. ಆಧಾರ್ ದೃಢೀಕರಣ ಆಗಬೇಕು, ಆಹಾರ ಇಲಾಖೆಯ ಪಡಿತರ ದತ್ತಾಂಶದಿಂದ ಉತ್ತರ ಬರಬೇಕು, ಓಟಿಪಿ ಹೋಗಬೇಕು. ಇವು ಬೇರೆ ಇಲಾಖೆಗಳ, ಬೇರೆ ಊರುಗಳ ಯಂತ್ರಗಳು. ಅವುಗಳಲ್ಲೊಂದು ತಡವರಿಸಿ ಉತ್ತರಕ್ಕೆ 10 ಸೆಕೆಂಡ್ ತೆಗೆದುಕೊಂಡಿತು ಎನ್ನಿ. ನಮ್ಮ 20 ವರ್ಕರ್‌ಗಳು ಏನೂ ಮಾಡದೆ, ಆದರೆ ಮೆಮೊರಿಯನ್ನು ಬಿಡದೆ, ಕಾಯುತ್ತ ಕೂರುತ್ತವೆ. ಸೆಕೆಂಡಿಗೆ 50 ಅರ್ಜಿ ಮುಗಿಯುತ್ತಿದ್ದಲ್ಲಿ ಈಗ 2 ಮುಗಿಯುತ್ತವೆ. ನಮ್ಮ ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಪ್ರೊಸೆಸರ್ ಬಹುತೇಕ ಖಾಲಿ. ಸಾಮರ್ಥ್ಯ ಮಾತ್ರ ಇಪ್ಪತ್ತೈದು ಪಾಲಿನಲ್ಲಿ ಒಂದು ಪಾಲಿಗೆ ಇಳಿದಿದೆ.

ಇದರ ಹಿಂದಿರುವ ಸೂತ್ರವನ್ನು ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ಒಳಗಿರುವವರ ಸಂಖ್ಯೆ ಎಂದರೆ ಬರುವ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸಮಯದಿಂದ ಗುಣಿಸಿದಷ್ಟು. ಬ್ಯಾಂಕಿಗೂ ಆಸ್ಪತ್ರೆಗೂ ವೆಬ್‌ಸೈಟಿಗೂ ಸಮಾನವಾಗಿ ಸಲ್ಲುವ ಲೆಕ್ಕ. ಹೈಸ್ಕೂಲು ಮಕ್ಕಳೂ ಮಾಡಬಹುದಾದ ಈ ಗುಣಾಕಾರವನ್ನು ಟೆಂಡರ್ ದಾಖಲೆಯಲ್ಲಿ ಕಡ್ಡಾಯ ಮಾಡಿದರೆ ಅರ್ಧ ಸಂಕಟ ತಪ್ಪುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕಾಯುತ್ತಿರುವವರು ಸುಮ್ಮನೆ ಕಾಯುವುದಿಲ್ಲ ಎಂಬಲ್ಲಿ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದ್ದರೆ ಕೇಂದ್ರದ ಆಪರೇಟರ್ ರಿಫ್ರೆಶ್ ಒತ್ತುತ್ತಾನೆ. ಇನ್ನೊಂದು ಟ್ಯಾಬಿನಲ್ಲಿ ಮತ್ತೊಮ್ಮೆ ತೆರೆಯುತ್ತಾನೆ. ಎದುರಿಗೆ ಮೂವತ್ತು ಜನ ನಿಂತಿರುವಾಗ ಅವನು ಬೇರೇನು ಮಾಡಿಯಾನು? ಮೊದಲು ಕಳಿಸಿದ ಕೋರಿಕೆ ಮಾತ್ರ ಅಳಿದಿರುವುದಿಲ್ಲ. ಅದು ಸರದಿಯಲ್ಲೇ ಇರುತ್ತದೆ. ಸೆಕೆಂಡಿಗೆ 2 ಮುಗಿಯುವಾಗ ಸರದಿಯಲ್ಲಿ 500 ಕೋರಿಕೆಗಳಿದ್ದರೆ ಕೊನೆಯದಕ್ಕೆ ಉತ್ತರ ಸಿಗಲು ನಾಲ್ಕು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಅದನ್ನು ಕಳಿಸಿದವರ ಬ್ರೌಸರ್ ಕೈಬಿಟ್ಟು ಎಷ್ಟೋ ಹೊತ್ತಾಗಿರುತ್ತದೆ. ಸರ್ವರ್ ಬೆವರು ಸುರಿಸಿ ದುಡಿಯುತ್ತಿದೆ, ಆದರೆ ಎದ್ದು ಹೋದವರಿಗಾಗಿ. ನಿಂತಿರುವವರಿಗೆ ಏನೂ ದಕ್ಕುವುದಿಲ್ಲ.

ಈ ಸ್ಥಿತಿಯಲ್ಲಿ ಮೆಮೊರಿ ತುಂಬಿದರೆ ಯಂತ್ರ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿ ಎಂದು ಬಳಸತೊಡಗುತ್ತದೆ. ಇದಕ್ಕೆ ಸ್ವಾಪ್ ಎಂದು ಹೆಸರು. ಒಳ್ಳೆಯ ಎಸ್‌ಎಸ್‌ಡಿ ಡಿಸ್ಕ್ ಕೂಡ ರ‍್ಯಾಮ್‌ಗಿಂತ ಸುಮಾರು ಸಾವಿರ ಪಟ್ಟು ನಿಧಾನ. ಅದೂ ತುಂಬಿದರೆ ಲಿನಕ್ಸ್ ತನ್ನ ಉಳಿವಿಗಾಗಿ ಹೆಚ್ಚು ಮೆಮೊರಿ ಹಿಡಿದ ಒಂದು ಪ್ರಕ್ರಿಯೆಯನ್ನು ಆರಿಸಿ ಕೊನೆಗೊಳಿಸುತ್ತದೆ. ಆ ಕ್ಷಣ ಅದರಲ್ಲಿ ಅರ್ಧ ತುಂಬಿದ್ದ ಅರ್ಜಿಗಳೆಲ್ಲ ಹೋದವು. ಕೌಂಟರಿನಲ್ಲಿ ಇದು ‘ಎರರ್ ಬಂತು, ಮೊದಲಿನಿಂದ ಮಾಡೋಣ’ ಎಂದು ಕೇಳಿಸುತ್ತದೆ.

ಒಳಬಿಡುವ ಧೈರ್ಯ, ತಡೆಯುವ ಧೈರ್ಯ

ಇದಕ್ಕೆ ಮದ್ದು ಬಾಗಿಲಲ್ಲೇ ಇದೆ. ಒಮ್ಮೆಗೆ ಎಷ್ಟು ಕೋರಿಕೆ ಒಳಗೆ ಬರಬಹುದು ಎಂದು ಮಿತಿ ಹಾಕಿ, ಮಿತಿ ಮೀರಿದ ಕೂಡಲೇ ಉಳಿದವರಿಗೆ ‘ಈಗ ಆಗದು, ಇಷ್ಟು ಹೊತ್ತು ಬಿಟ್ಟು ಬನ್ನಿ’ ಎಂದು ತಕ್ಷಣ ಹೇಳಿಬಿಡುವುದು. ಒಂದು ನಿಮಿಷ ಕಾಯಿಸಿ ಇಲ್ಲ ಎನ್ನುವುದಕ್ಕಿಂತ ಕ್ಷಣದಲ್ಲಿ ಇಲ್ಲ ಎನ್ನುವುದು ಮರ್ಯಾದೆ, ಮೆಮೊರಿಗೂ ಉಳಿತಾಯ. ಬೇರೆ ಇಲಾಖೆಯ ಉತ್ತರಕ್ಕೆ ಕಾಯುವುದಕ್ಕೂ ಗಡುವು ಬೇಕು: 3 ಸೆಕೆಂಡಿನಲ್ಲಿ ಬಾರದಿದ್ದರೆ ಅರ್ಜಿಯನ್ನು ಉಳಿಸಿಟ್ಟುಕೊಂಡು ರಸೀದಿ ಕೊಟ್ಟು ಕಳಿಸಿ, ದೃಢೀಕರಣವನ್ನು ರಾತ್ರಿ ಮಾಡಿಕೊಳ್ಳಬಹುದು. ಗೃಹಲಕ್ಷ್ಮಿಯ ಹಣ ಮರುಕ್ಷಣ ಬರಬೇಕೆಂದು ಯಾರೂ ಕೇಳಿರಲಿಲ್ಲ. ಅರ್ಜಿ ಬಿದ್ದಿದೆ ಎಂಬ ಖಾತ್ರಿ ಅವರಿಗೆ ಬೇಕಿತ್ತು.

ಕಾಲವನ್ನೇ ಹಂಚಿಬಿಡುವ ಇನ್ನೊಂದು ದಾರಿಯಿದೆ. ನಮ್ಮ ರಾಜ್ಯ ಇದನ್ನು ತುಂಬ ಚೆನ್ನಾಗಿ ಮಾಡಿದ ಸಂದರ್ಭವೂ ಇದೆ, ಅದನ್ನು ಮೆಚ್ಚಿ ಹೇಳಲೇಬೇಕು.

2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾಸಿಂಧು ಪೋರ್ಟಲ್‌ನಲ್ಲಿ ಶುರುವಾಯಿತು. ಮನೆಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಎಂದಾಗ ಇಡೀ ರಾಜ್ಯ ಒಂದೇ ಬಾಗಿಲಿಗೆ ಬಂತು. ಮೊದಲ ದಿನಗಳಲ್ಲಿ ಪೋರ್ಟಲ್ ಕುಂಟಿತು. ಗೃಹಜ್ಯೋತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಗೆಂದೇ ಸೇವಾಸಿಂಧುವಿನ ಪ್ರತ್ಯೇಕ ತಾಣ ಬಳಕೆಗೆ ಬಂದದ್ದು ಸರಿಯಾದ ಹೆಜ್ಜೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಬಂದವರು ವಿದ್ಯುತ್ ಅರ್ಜಿಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳಬಾರದು. ತಿಂಗಳ ನಂತರ ಗೃಹಲಕ್ಷ್ಮಿ ಬಂದಾಗ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಎಂಬುದನ್ನು ಯಜಮಾನಿಯ ಮೊಬೈಲಿಗೆ ಸಂದೇಶವಾಗಿ ಕಳಿಸುವ ವ್ಯವಸ್ಥೆ. ಮುಂದೆ ಈ ಕಟ್ಟುಪಾಡು ಸಡಿಲವಾಯಿತಾದರೂ, ಮೊದಲ ದಿನಗಳ ಭಾರವನ್ನು ಹಂಚಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಮಾನವೀಯವಾದ ಉಪಾಯ ನನಗೆ ಗೊತ್ತಿಲ್ಲ. ಹೆಚ್ಚುವರಿ ಯಂತ್ರ ಬೇಡ, ಹೆಚ್ಚುವರಿ ಮೆಮೊರಿ ಬೇಡ. ಒಂದು ಸಂದೇಶ ಸಾಕು. ಇಂಥ ಯೋಚನೆ ಮಾಡಿದ ಅಧಿಕಾರಿಗಳ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಬರಬೇಕಿತ್ತು.

ರೈಲ್ವೆಯೂ ಇದೇ ದಾರಿ ಹಿಡಿದಿತ್ತು. 2014ರಲ್ಲಿ ಐಆರ್‌ಸಿಟಿಸಿ ಹೊಸ ವ್ಯವಸ್ಥೆ ತಂದಾಗ ನಿಮಿಷಕ್ಕೆ 2000 ಟಿಕೆಟ್ ಇದ್ದ ಸಾಮರ್ಥ್ಯ 7200ಕ್ಕೆ ಏರಿತು. ಆದರೂ ತತ್ಕಾಲ್ ಹೊತ್ತಿನ ಒತ್ತಡ ತಾಳಲಾಗದೆ 2015ರ ಜೂನ್‌ನಿಂದ ಎಸಿ ದರ್ಜೆಗೆ ಬೆಳಗ್ಗೆ 10, ಉಳಿದವಕ್ಕೆ 11 ಎಂದು ಸಮಯವನ್ನೇ ಒಡೆದರು. ಇಂದಿಗೂ ಅದೇ ನಡೆದಿದೆ.

ವಿರುದ್ಧ ಉದಾಹರಣೆ ಬೇಕಾದರೆ 2021ರ ಏಪ್ರಿಲ್ 28 ನೆನಪಿಸಿಕೊಳ್ಳಿ. ಕೋವಿಡ್ ಎರಡನೇ ಅಲೆಯ ನಡುವೆ 18ರಿಂದ 44 ವಯಸ್ಸಿನವರಿಗೆ ಕೋವಿನ್ ಪೋರ್ಟಲ್ ಸಂಜೆ 4ಕ್ಕೆ ತೆರೆಯಿತು. ದೇಶದ ಎಲ್ಲರಿಗೂ ಒಂದೇ ನಿಮಿಷ. ಶುರುವಿನಲ್ಲಿ ನಿಮಿಷಕ್ಕೆ 27 ಲಕ್ಷ ಕೋರಿಕೆಗಳು ಬಂದವು ಎಂದು ಸರ್ಕಾರವೇ ಹೇಳಿತು. ತಾಣ ತೊದಲಿತು, ಬೇಗ ಚೇತರಿಸಿಕೊಂಡಿತು, ಆ ದಿನವೇ ಒಂದು ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು. ಎಂಜಿನಿಯರುಗಳ ಸಾಧನೆ ದೊಡ್ಡದೇ. ವಯಸ್ಸಿನ ಪ್ರಕಾರವೋ ರಾಜ್ಯದ ಪ್ರಕಾರವೋ ಗಂಟೆಗಳನ್ನು ಹಂಚಿದ್ದರೆ ಆ ಸಾಧನೆಯ ಅಗತ್ಯವೇ ಬೀಳುತ್ತಿರಲಿಲ್ಲ. ಅಮೆರಿಕದಲ್ಲಿ 2013ರ ಅಕ್ಟೋಬರ್ 1ರಂದು ತೆರೆದ ಸರ್ಕಾರಿ ಆರೋಗ್ಯ ವಿಮೆ ತಾಣದಲ್ಲಿ ಮೊದಲ ದಿನ ನೋಂದಣಿ ಪೂರ್ತಿ ಮುಗಿಸಲಾದದ್ದು 6 ಜನರಿಗೆ. ಹಣವೂ ಪರಿಣತಿಯೂ ಧಾರಾಳವಾಗಿದ್ದ ದೇಶದ ಮಾತಿದು.

‘ಕ್ಲೌಡ್ ಇದೆಯಲ್ಲ, ತಾನೇ ಬೆಳೆಯುತ್ತದೆ’

ಸಭೆಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ಕಳವಳವಾಗುತ್ತದೆ. ಕ್ಲೌಡಿನಲ್ಲಿ ಒತ್ತಡ ಹೆಚ್ಚಿದಂತೆ ಯಂತ್ರಗಳು ತಾವಾಗಿಯೇ ಹೆಚ್ಚುವ ಏರ್ಪಾಟು ಇರುವುದು ನಿಜ. ಭಾರತದಲ್ಲಿ ಅಮೆಜಾನ್ ತನ್ನ ಮುಂಬೈ ಕೇಂದ್ರಗಳನ್ನು 2016ರಲ್ಲಿ ತೆರೆಯಿತು. ಕೇಂದ್ರ ಸರ್ಕಾರಕ್ಕೆ ಮೇಘರಾಜ್ ಎಂಬ ಸ್ವಂತ ಕ್ಲೌಡ್ ಇದೆ. ಆದರೆ ಹೊಸ ಯಂತ್ರ ಎದ್ದು ಸಜ್ಜಾಗಲು ಸಮಯ ಹಿಡಿಯುತ್ತದೆ, ಜನ ಬರುವುದು ಒಂದೇ ಕ್ಷಣದಲ್ಲಿ. ಅದಕ್ಕಿಂತ ದೊಡ್ಡ ತೊಡಕು ಹಿಂಬದಿಯಲ್ಲಿದೆ. ಯಂತ್ರಗಳು ಎಷ್ಟಾದರೂ ಹೆಚ್ಚಲಿ, ಅವೆಲ್ಲ ಹೋಗಿ ಬಾಗಿಲು ತಟ್ಟುವುದು ಒಂದೇ ಡೇಟಾಬೇಸಿನದು. ಜನಪ್ರಿಯವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬದಲಾಯಿಸದ ಹೊರತು ಒಮ್ಮೆಗೆ 100 ಸಂಪರ್ಕಗಳನ್ನಷ್ಟೇ ಒಪ್ಪುತ್ತದೆ, ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆಯನ್ನೂ ಮೆಮೊರಿಯನ್ನೂ ಕೊಡುತ್ತದೆ. ನಮ್ಮ 20 ವರ್ಕರ್‌ಗಳ ಯಂತ್ರ ಒಂದಿದ್ದದ್ದು 40 ಆದರೆ ಡೇಟಾಬೇಸಿನ ಮುಂದೆ 800 ಸಂಪರ್ಕಗಳು ಬಂದು ನಿಲ್ಲುತ್ತವೆ. ನೆರವಿಗೆ ಕರೆದ ಯಂತ್ರಗಳೇ ಡೇಟಾಬೇಸನ್ನು ಕೆಡವುತ್ತವೆ. ನಡುವೆ ಒಂದು ಸಂಪರ್ಕ ಸರದಿಯನ್ನು, ಪೂಲರ್ ಎಂಬ ಪುಟ್ಟ ತಂತ್ರಾಂಶವನ್ನು, ಇಡುವುದು ಒಂದು ದಿನದ ಕೆಲಸ. ಅದನ್ನು ಮೊದಲೇ ಮಾಡಿಟ್ಟ ತಂಡದವರು ಉದ್ಘಾಟನೆಯ ದಿನ ನೆಮ್ಮದಿಯಾಗಿರುತ್ತಾರೆ.

ಕ್ಲೌಡ್ ಒದಗಿಸುವವರೂ ಎಲ್ಲೆ ಹಾಕಿಯೇ ಇರುತ್ತಾರೆ. ಅಮೆಜಾನಿನ ಲ್ಯಾಂಬ್ಡಾ ಸೇವೆಯಲ್ಲಿ ಒಂದು ಪ್ರತಿ ಒಮ್ಮೆಗೆ ಒಂದೇ ಕೋರಿಕೆಯನ್ನು ನೋಡಿಕೊಳ್ಳುತ್ತದೆ, ಒಂದು ಖಾತೆಗೆ ಸಾಮಾನ್ಯವಾಗಿ 1000 ಪ್ರತಿಗಳ ಮಿತಿ. ಗೂಗಲ್ಲಿನ ಕ್ಲೌಡ್ ರನ್ ಒಂದೇ ಪ್ರತಿಗೆ 80 ಕೋರಿಕೆಗಳವರೆಗೆ ಕೊಡುವ ಲೆಕ್ಕದಿಂದ ಶುರುಮಾಡುತ್ತದೆ, ಬೇಕಾದರೆ 1000ದವರೆಗೆ ಏರಿಸಬಹುದು. ಏರಿಸಿದರೆ ಹಣ ಉಳಿಯುತ್ತದೆ, ಒಂದೊಂದು ಕೋರಿಕೆಯ ಮೆಮೊರಿ ಎಷ್ಟು ಎಂದು ಅಳೆಯದೆ ಏರಿಸಿದರೆ ಎಲ್ಲವೂ ಒಟ್ಟಿಗೆ ಮುಳುಗುತ್ತವೆ.

ಅಳೆಯುವುದು ಎಂದರೆ ಏನು? ಒಂದೇ ಉದಾಹರಣೆ ಕೊಡುತ್ತೇನೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪಡಿತರ ಚೀಟಿಯ ಫೋಟೋ ಅಪ್‌ಲೋಡ್ ಮಾಡಿ ಎನ್ನುತ್ತೇವೆ. ಈಗಿನ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ಫೈಲಾಗಿ 3-4 ಎಂಬಿ ಇರಬಹುದು. ಅದನ್ನು ಚಿಕ್ಕದು ಮಾಡಲು ಸರ್ವರ್ ಬಿಚ್ಚಿದಾಗ 4000 ಅಡ್ಡಸಾಲು, 3000 ಉದ್ದಸಾಲು, ಪ್ರತಿ ಚುಕ್ಕಿಗೆ 3 ಬೈಟು. ಒಟ್ಟು 36 ಎಂಬಿ. ಇಪ್ಪತ್ತು ಜನ ಒಟ್ಟಿಗೆ ಕಳಿಸಿದರೆ 720 ಎಂಬಿ, ಅದೂ ವರ್ಕರ್‌ಗಳ ಸ್ವಂತ ಮೆಮೊರಿಯ ಮೇಲೆ. ನಮ್ಮ ಯಂತ್ರದಲ್ಲಿ ಅಷ್ಟು ಉಳಿದೇ ಇಲ್ಲ. ಚಿತ್ರವನ್ನು ಮೊಬೈಲಿನಲ್ಲೇ ಕುಗ್ಗಿಸಿ ಕಳಿಸುವಂತೆ ಪುಟವನ್ನು ಬರೆದಿದ್ದರೆ ಈ ಇಡೀ ಸಮಸ್ಯೆ ಹುಟ್ಟುವುದಿಲ್ಲ, ಜನರ ಡೇಟಾ ಕೂಡ ಉಳಿಯುತ್ತದೆ.

ಇನ್ನು ಮೆಲ್ಲಗೆ ಊದಿಕೊಳ್ಳುವ ಮೆಮೊರಿ. 150 ಎಂಬಿಯಲ್ಲಿ ಶುರುವಾದ ವರ್ಕರ್ ಎರಡು ದಿನದಲ್ಲಿ 300 ಎಂಬಿ ಮುಟ್ಟಿರಬಹುದು. ಬಳಸಿ ಬಿಟ್ಟ ಜಾಗ ಚೂರುಚೂರಾಗಿ ಉಳಿದು, ಮತ್ತೆ ಕೆಲಸಕ್ಕೆ ಬಾರದಂತಾಗುವುದು ಒಂದು ಕಾರಣ. ಪ್ರೋಗ್ರಾಮ್ ಬರೆದವರು ಏನನ್ನೋ ಬಿಡುಗಡೆ ಮಾಡಲು ಮರೆತಿರುವುದು ಇನ್ನೊಂದು. ಪೈಥಾನ್ ಬಳಸುವವರ ಗುನಿಕಾರ್ನ್‌ನಲ್ಲಿ ಇಂತಿಷ್ಟು ಕೋರಿಕೆ ಮುಗಿದ ಮೇಲೆ ವರ್ಕರ್ ತಾನೇ ಹೊಸದಾಗಿ ಏಳುವ ವ್ಯವಸ್ಥೆಯಿದೆ, ಎಲ್ಲವೂ ಒಟ್ಟಿಗೆ ಏಳದಂತೆ ಸ್ವಲ್ಪ ಏರುಪೇರು ಮಾಡುವ ಸೌಲಭ್ಯವೂ ಇದೆ. ಇದು ರೋಗ ವಾಸಿ ಮಾಡುವುದಿಲ್ಲ. ಆದರೂ ನಾಳೆ ಬೆಳಗ್ಗೆ ನೋಂದಣಿ ಇದೆ ಎಂದಾಗ ಇವತ್ತು ರಾತ್ರಿ ಇದನ್ನು ಹಾಕಿಕೊಳ್ಳುವುದು ಜಾಣತನ.

ಬರುವವರೆಲ್ಲ ನಮ್ಮವರಲ್ಲ

2024ರ ಕೊನೆ, 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಪದೇ ಪದೇ ನಿಂತು ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ಪರದಾಡಿದರು. ತನಿಖೆಗೆ ಇಳಿದಾಗ ಕಂಡದ್ದು ದಾಳಿ. 62 ಖಾತೆಗಳಿಂದ, 14 ಐಪಿ ವಿಳಾಸಗಳ ಮೂಲಕ, ಋಣಭಾರ ಪತ್ರದ ಹುಡುಕಾಟದ ಸುಳ್ಳು ಕೋರಿಕೆಗಳು ಸುರಿದಿದ್ದವು. ಸೈಬರ್ ಅಪರಾಧ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಋಣಭಾರ ಹುಡುಕಾಟವನ್ನೇ ಅವರು ಆರಿಸಿಕೊಂಡದ್ದು ಗಮನಿಸಬೇಕಾದ ವಿಷಯ. ಕಳಿಸುವವನಿಗೆ ಅದು ಒಂದು ಸಾಲಿನ ಕೋರಿಕೆ, ಉತ್ತರಿಸುವ ಡೇಟಾಬೇಸಿಗೆ ವರ್ಷಗಟ್ಟಲೆಯ ದಾಖಲೆಗಳನ್ನು ತಡಕುವ ಕೆಲಸ. ಒಂದು ಖಾತೆಗೆ ನಿಮಿಷಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿ, ಭಾರವಾದ ಹುಡುಕಾಟಗಳಿಗೆ ಬೇರೆಯದೇ ಸರದಿ: ಈ ಎರಡಿದ್ದರೆ ಹುಡುಕಾಟ ನಿಂತರೂ ಕ್ರಯಪತ್ರದ ನೋಂದಣಿ ನಿಲ್ಲುವುದಿಲ್ಲ. ಹೆಣ್ಣುಮಕ್ಕಳ ಸರದಿಯನ್ನು ಕಾಯುವ ಅದೇ ಮಿತಿ ದಾಳಿಕೋರನನ್ನೂ ತಡೆಯುತ್ತದೆ. ಎರಡಕ್ಕೂ ಎರಡು ವಿದ್ಯೆ ಬೇಕಿಲ್ಲ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ದಿನದ ಗದ್ದಲ ಮಾತ್ರ ಇವುಗಳ ಸಾಲಿಗೆ ಸೇರಬಾರದು. ಅಲ್ಲಿ ಯಾರೂ ಏನನ್ನೂ ಬರೆಯುವುದಿಲ್ಲ, ಎಲ್ಲರೂ ಓದುವವರೇ. ಅಂಕಪಟ್ಟಿಗಳನ್ನು ಮುಂಚೆಯೇ ಸಿದ್ಧ ಪುಟಗಳಾಗಿ ಮಾಡಿಟ್ಟರೆ ಡೇಟಾಬೇಸನ್ನು ಮುಟ್ಟುವ ಅಗತ್ಯವೇ ಇಲ್ಲ. ಲಕ್ಷಾಂತರ ಮಕ್ಕಳು ಒಂದೇ ನಿಮಿಷದಲ್ಲಿ ನೋಡಬಹುದು.

ಮಂಡಿ ಮೊಹಲ್ಲಾದ ಅಕ್ಕಂದಿರಿಗೆ ಮತ್ತೊಂದು ಯೋಜನೆ, ಮತ್ತೊಂದು ಕೆವೈಸಿ, ಮತ್ತೊಂದು ಕೊನೆಯ ದಿನಾಂಕ ಬಂದೇ ಬರುತ್ತದೆ. ಅದಕ್ಕೆ ಮೊದಲು ಇ-ಆಡಳಿತ ಇಲಾಖೆಯನ್ನು ನಾನು ಕೇಳಿಕೊಳ್ಳುವುದು ಮೂರು ಸಂಗತಿಗಳನ್ನು. ನೋಂದಣಿಯ ದಿನ ಘೋಷಿಸುವ ಮುನ್ನ ಆ ಪೋರ್ಟಲ್ ನಿಮಿಷಕ್ಕೆ ಎಷ್ಟು ಅರ್ಜಿ ಮುಗಿಸಬಲ್ಲದು ಎಂದು ಅಳೆದು, ಆ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸಿ. ಗೃಹಲಕ್ಷ್ಮಿಯಲ್ಲಿ ಮಾಡಿದ ಹಾಗೆ ದಿನ ಮತ್ತು ಹೊತ್ತನ್ನು ಮೊಬೈಲಿಗೆ ಕಳಿಸಿ, ಅದನ್ನು ಕೊನೆಯವರೆಗೂ ನಡೆಸಿ. ಸರ್ವರ್ ನಿಂತ ದಿನಗಳನ್ನು ಕೊನೆಯ ದಿನಾಂಕಕ್ಕೆ ತಾನಾಗಿಯೇ ಸೇರಿಸುವ ನಿಯಮ ಮಾಡಿ. ಓದುಗರೂ ಒಂದು ಕೆಲಸ ಮಾಡಬಹುದು: ಇನ್ನು ಮುಂದೆ ಯಾರಾದರೂ ‘ಸರ್ವರ್ ಡೌನ್’ ಎಂದರೆ, ಎಷ್ಟು ಹೊತ್ತಿನಿಂದ, ಯಾವ ಇಲಾಖೆಯದು ಎಂದು ಕೇಳಿ, ದಿನಾಂಕ ಬರೆದಿಟ್ಟುಕೊಳ್ಳಿ, ನಿಮ್ಮ ವಾರ್ಡಿನ ಪ್ರತಿನಿಧಿಗೆ ಬರವಣಿಗೆಯಲ್ಲಿ ಕೊಡಿ.